ಪೂಜೆಯ ನೀರು ಕುಡಿದ ರೋಸ್‌ಮೇರಿ

ಮೊನ್ನೆ ಕಪಾಟು ಜೋಡಿಸುತ್ತಿದ್ದಾಗ ಹಳೆಯ ದಿನಚರಿಯೊಂದರಿಂದ ಹನ್ನೊಂದು ಒಣ ಎಲೆಗಳು ಮಡಿಲಿಗೆ ಉದುರಿದವು. ಸೂಜಿಯಂತೆ ಸಣ್ಣ, ತುದಿ ಮಾತ್ರ ಮೊಂಡ. ಹಸಿರೆಲ್ಲ ಹೋಗಿ ಟೀ ಪುಡಿಯ ಬಣ್ಣಕ್ಕೆ ಬಂದಿದ್ದವು. ಹನ್ನೊಂದು ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳಬೇಡಿ. ಎಣಿಸಿದೆ. ಎಣಿಸದೆ ಇರುವುದು ನನಗೆ ಬರುವುದಿಲ್ಲ.

ಇದು ಚಿಕ್ಕಂದಿನ ಚಾಳಿ. ಮೂರನೇ ತರಗತಿಯಲ್ಲಿದ್ದಾಗ ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತ ಹೋಗುತ್ತಿದ್ದೆ. ದಾರಿಯಲ್ಲಿ ಯಾರೋ ಮಾತಾಡಿಸಿ ಲೆಕ್ಕ ತಪ್ಪಿತು. ಮನೆಗೆ ವಾಪಸು ಬಂದು ಮೊದಲಿಂದ ಹೊರಟೆ. ಪ್ರಾರ್ಥನೆ ಮುಗಿದು ಹೋಗಿತ್ತು; ಒಂದು ಪಿರಿಯಡ್ ಪೂರ್ತಿ ಬಿಸಿಲಿನಲ್ಲಿ ನಿಂತೆ. ನಿಂತಲ್ಲಿಂದ ಶಾಲೆಯ ಮಾಡಿನ ಹೆಂಚು ಎಣಿಸಿದೆ. ಈಗ ಚನ್ನಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಯಂತ್ರವೇ ಕಣಗಳನ್ನು ಎಣಿಸಿ ಚೀಟಿ ಕೊಡುತ್ತದೆ. ಆದರೂ ಅನುಮಾನ ಬಂದಾಗ ಗಾಜಿನ ಮೇಲೆ ಕಣ್ಣಿಟ್ಟು ಒಂದೊಂದನ್ನೇ ಎಣಿಸುವವಳು ನಾನು. ಚಾಳಿಗೆ ಸಂಬಳ ಸಿಗುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

ಅಮ್ಮನಿಗೆ ಎಣಿಕೆ ಬೇಕಿರಲಿಲ್ಲ. ಅವಳಿಗೆ ಮೂಗಿತ್ತು.

ನಮ್ಮ ಬೀದಿಯಲ್ಲಿ ಮಾತ್ರವಲ್ಲ, ನಲ್ಲೂರು, ಕೆರೆಬಿಳಚಿಯ ಕಡೆ ಮದುವೆ ಗೊತ್ತಾದರೂ ಸಾರಿನ ಪುಡಿಗೆ ಅಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಅವಳು ಹುರಿಯುವುದನ್ನು ನೋಡಬೇಕು. ಬಾಣಲೆಯಲ್ಲಿ ಕೊತ್ತಂಬರಿ ಕಾಳು ಚಟಗುಡುತ್ತಿದ್ದರೆ ಅವಳ ಕಣ್ಣು ಕಿಟಕಿಯಾಚೆ ಇರುತ್ತಿತ್ತು. ಕೈ ತನ್ನ ಪಾಡಿಗೆ ತಿರುವುತ್ತಿತ್ತು. ಯಾವುದೋ ಒಂದು ಗಳಿಗೆಯಲ್ಲಿ ಮೂಗಿನ ಹೊಳ್ಳೆ ಒಮ್ಮೆ ಅರಳುವುದು, ಬಾಣಲೆ ಕೆಳಗಿಳಿಯುವುದು. ನೋಡದೆ ಹೆಂಗೆ ಗೊತ್ತಾಗುತ್ತೆ ಎಂದು ಕೇಳಿದರೆ ಒಂದೇ ಉತ್ತರ: "ಕಣ್ಣಿಂದ ಹುರಿಯೋರು ಸೀದ ಮ್ಯಾಲೆ ಇಳಿಸ್ತಾರೆ."

ಆ ಮೂಗಿನ ಕಾಟ ನಮಗೂ ಇತ್ತು. ಶಾಲೆಯಿಂದ ಬರುವಾಗ ಗಾಡಿಯ ಮುಂದೆ ನಿಂತು ಮಿರ್ಚಿ ತಿಂದು, ನಲ್ಲಿಯಲ್ಲಿ ಬಾಯಿ ತೊಳೆದು, ಕೈಯನ್ನು ಲಂಗಕ್ಕೆ ಒರೆಸಿ ಬಂದರೂ ಬಾಗಿಲಲ್ಲೇ ಸಿಕ್ಕಿಬೀಳುತ್ತಿದ್ದೆ. "ಒಂದು ತಿಂದ್ಯೋ, ಎರಡು ತಿಂದ್ಯೋ?" ಎನ್ನುತ್ತಿದ್ದಳು. ಎಣಿಸುವ ಮಗಳಿಗೆ ತಕ್ಕ ಪ್ರಶ್ನೆ. ಪಕ್ಕದ ಮನೆಯ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರೆ ಗೋಡೆಯ ಈಚೆಯಿಂದ ಕೂಗಿ ಎಚ್ಚರಿಸುವುದೂ ಅವಳ ದಿನಗೆಲಸದಲ್ಲಿ ಸೇರಿತ್ತು. ಅಪ್ಪ ಹೇಳುತ್ತಿದ್ದರು: "ನಿಮ್ಮಮ್ಮ ಇರೋ ಮನೇಲಿ ಬೀಡಿ ಸೇದಾಕೂ ಆಗಲ್ಲ, ಸೇದಬೇಕು ಅಂತ ಅಂದ್ಕೊಳಾಕೂ ಆಗಲ್ಲ."

ಇಂಥ ಮನೆಗೆ ಒಂದು ಮಳೆಗಾಲದಲ್ಲಿ ಜ್ವರ ಬಂತು. ಅಪ್ಪನನ್ನು ಬಿಟ್ಟು ನನಗೂ ಅಮ್ಮನಿಗೂ. ಆರು ದಿನ ಮಲಗಿದ್ದೆವು, ಏಳನೆಯ ದಿನ ಎದ್ದೆವು. ಎರಡು ತಿಂಗಳಾದ ಮೇಲೆ ನನ್ನ ಕೂದಲು ಉದುರತೊಡಗಿತು.

ನಾನು ಏನು ಮಾಡಿದೆನೆಂದು ನೀವು ಊಹಿಸಿರುತ್ತೀರಿ. ದಿನಾ ಬಾಚಿದ ಮೇಲೆ ಬಾಚಣಿಗೆಯಲ್ಲಿ ಸಿಕ್ಕವನ್ನು ಬಿಳಿ ಹಾಳೆಯ ಮೇಲೆ ಹರವಿ ಎಣಿಸಿ ಬರೆದಿಟ್ಟೆ. ಸೋಮವಾರ ತೊಂಬತ್ತನಾಲ್ಕು. ಮಂಗಳವಾರ ನೂರಹದಿನಾರು. ಬುಧವಾರ ತಲೆಗೆ ಸ್ನಾನ, ಆದ್ದರಿಂದ ನೂರಾ ಎಂಬತ್ತು. ಇದನ್ನು ಬೇರೆ ಶಾಯಿಯಲ್ಲಿ ಬರೆದಿದ್ದೇನೆ. ಅಪ್ಪ ತಮ್ಮ ನುಣ್ಣನೆಯ ತಲೆ ಸವರಿಕೊಂಡು, "ನಂದೂ ಬರಕೋ, ಸೊನ್ನೆ. ಒಂದೂ ಉದುರಿಲ್ಲ" ಎಂದರು.

ಆಗ ಫೋನು ಬಿಚ್ಚಿದರೆ ಎಲ್ಲರೂ ರೋಸ್‌ಮೇರಿ ನೀರು ತಲೆಗೆ ಹಚ್ಚಿಕೊಳ್ಳುತ್ತಿದ್ದ ಕಾಲ. ಸೂಜಿ ಎಲೆಯ ಆ ಘಾಟು ಗಿಡದ ಕಡ್ಡಿಗಳನ್ನು ಕುದಿಸಿ, ಆರಿಸಿ, ಸೋಸಿ, ಬುಡಕ್ಕೆ ಚಿಮುಕಿಸಿಕೊಳ್ಳುವುದು. ಗೆಳತಿಯ ಮದುವೆಗೆ ನ್ಯಾಮತಿಗೆ ಹೋದವಳು ವಾಪಸು ಬರುವಾಗ ಹೊನ್ನಾಳಿಯಲ್ಲಿ ಇಳಿದು ನರ್ಸರಿ ಹುಡುಕಿದೆ. ಗೇಣುದ್ದದ ಗಿಡ. ನರ್ಸರಿಯವನು ಎರಡೆಲೆ ಉಜ್ಜಿ ನನ್ನ ಕೈಗೆ ಕೊಟ್ಟ.

"ಇದಕ್ಕೆ ನೀರು ಜಾಸ್ತಿ ಹಾಕಬ್ಯಾಡ್ರಿ ಅಕ್ಕಾ. ಮಣ್ಣು ಒಣಗಿದ ಮ್ಯಾಲೆ ಹಾಕ್ರಿ. ಇದನ್ನ ಯಾರೂ ಒಣಗಿಸಿ ಕೊಂದಿದ್ದು ನಾ ಕಾಣೆ. ಎಲ್ರೂ ಪ್ರೀತಿ ಮಾಡೇ ಕೊಲ್ತಾರೆ."

ಮನೆಗೆ ತಂದು ಅಮ್ಮನ ಮೂಗಿಗೂ ಹಿಡಿದೆ. ಅಮ್ಮ "ಹೂಂ, ಚೆನ್ನಾಗೈತೆ" ಎಂದಳು. ಅಷ್ಟೇ. ಎಲ್ಲ ವಾಸನೆಯ ಬಗ್ಗೆಯೂ ಮೂರು ಮಾತು, ಒಂದು ನೆನಪು, ಒಂದು ದೂರು ಇಟ್ಟುಕೊಂಡಿದ್ದ ಅಮ್ಮ ಎರಡು ಪದದಲ್ಲಿ ಮುಗಿಸಿದಳು. ಅನುಮಾನ ಬರಬೇಕಿತ್ತು. ಆದರೆ ನನ್ನ ತಲೆಯಲ್ಲಿ ಆಗ ಕೂದಲಿನ ಲೆಕ್ಕವೇ ತುಂಬಿತ್ತು.

ಹತ್ತೊಂಬತ್ತನೆಯ ದಿನಕ್ಕೆ ಗಿಡದ ಬುಡ ಕಪ್ಪಾಯಿತು, ಇಪ್ಪತ್ತಮೂರಕ್ಕೆ ಸತ್ತಿತು. ನಾನು ಅದಕ್ಕೆ ನೀರು ಹಾಕಿದ್ದು ಮೂರೇ ಸಲ, ದಾಖಲೆ ಇದೆ. ಆದರೂ ಮಣ್ಣು ಹಿಂಡಿದರೆ ನೀರು ಬರುತ್ತಿತ್ತು. ಒಂದು ಬೆಳಿಗ್ಗೆ ಲ್ಯಾಬಿಗೆ ತಡವಾಗಿ ಹೊರಟಾಗ ಗುಟ್ಟು ಗೊತ್ತಾಯಿತು. ಅಮ್ಮ ಪೂಜೆ ಮುಗಿಸಿ, ದೇವರ ಮೈ ತೊಳೆದ ನೀರಿನ ಚೆಂಬು ಹಿಡಿದು ಹೊರಗೆ ಬಂದಳು. ಆ ನೀರನ್ನು ತುಳಿಯುವಲ್ಲಿ ಚೆಲ್ಲಬಾರದು, ಬಚ್ಚಲಿಗೆ ಸುರಿಯಬಾರದು, ಗಿಡದ ಬುಡಕ್ಕೆ ಹಾಕಬೇಕು. ಹಿಂದೆ ಅಂಗಳದಲ್ಲಿ ದಾಸವಾಳವಿತ್ತು. ಅಂಗಳಕ್ಕೆ ಸಿಮೆಂಟು ಬಿದ್ದ ಮೇಲೆ ಅಮ್ಮ ದಿನಾ ಎರಡು ಮನೆ ದಾಟಿ ಯಾರದೋ ಪತ್ರೆ ಗಿಡಕ್ಕೆ ಹಾಕಿ ಬರುತ್ತಿದ್ದಳಂತೆ. ಈಗ ಮೆಟ್ಟಿಲ ಪಕ್ಕದಲ್ಲೇ ಒಂದು ಗಿಡ ಬಂದು ಕೂತಿತ್ತು. ದಿನಕ್ಕೊಂದು ಚೆಂಬು. ಸೋಮವಾರ ಎರಡು.

"ಅಮ್ಮಾ, ಅದಕ್ಕೇ ಗಿಡ ಸತ್ತಿದ್ದು."

"ದೇವರ ನೀರು ಕುಡಿದು ಸಾಯೋ ಗಿಡ ಎಂಥದ್ದೇ ಅದು? ಅಂಥದ್ದನ್ನ ಮನೆಗೆ ತರಬೇಕಿತ್ತಾ?"

ಕುಂಡದ ಒದ್ದೆ ಮಣ್ಣನ್ನು ಬಿಸಿಲಿಗೆ ಸುರಿದು ಲ್ಯಾಬಿಗೆ ಹೊರಟೆ.

ಗಿಡ ಸತ್ತ ವಾರದಲ್ಲೇ ಇನ್ನೊಂದು ನಡೆಯಿತು. ಸಂಜೆ ಕೆಲಸ ಮುಗಿಸಿ ಬರುತ್ತಿದ್ದೆ. ಬೀದಿಯ ತಿರುವಿನಲ್ಲೇ ಸೀದ ವಾಸನೆ. ಯಾರ ಮನೆಯದೋ, ಅಮ್ಮ ಇಷ್ಟು ಹೊತ್ತಿಗೆ ಕೂಗಿರುತ್ತಾಳೆ ಎಂದುಕೊಂಡು ಬಂದರೆ ನಮ್ಮ ಅಡುಗೆಮನೆಯಿಂದಲೇ ಹೊಗೆ. ನಲ್ಲೂರಿನ ಮದುವೆ ಮನೆಗೆಂದು ಅಮ್ಮ ಕೊತ್ತಂಬರಿ ಹುರಿಯುತ್ತಿದ್ದಳು. ಕೈ ತಿರುವುತ್ತಿತ್ತು. ಕಣ್ಣು ಕಿಟಕಿಯಾಚೆ ಇತ್ತು. ಬಾಣಲೆಯಲ್ಲಿ ಕಾಳು ಇದ್ದಿಲಾಗಿತ್ತು.

"ಅಮ್ಮಾ, ಸೀದೈತಲ್ಲ."

"ಎಲ್ಲಿ?" ಎಂದಳು ಅಮ್ಮ. ಆಮೇಲೆ ಬಾಣಲೆಗೆ ಬಗ್ಗಿ ನೋಡಿದಳು.

ಅವತ್ತು ಎಲ್ಲ ಹೊರಬಿತ್ತು. ಜ್ವರ ಬಿಟ್ಟ ದಿನದಿಂದ ಅವಳಿಗೆ ಏನೂ ವಾಸನೆ ಬರುತ್ತಿರಲಿಲ್ಲ. ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ, ಮಳೆ ಬಿದ್ದ ಮಣ್ಣೂ ಇಲ್ಲ. ಬಣ್ಣ ನೋಡಿ, ಅಂದಾಜಿಗೆ ನೂರು ಎಣಿಸಿ ಹುರಿಯುತ್ತಿದ್ದಳಂತೆ. ಎಣಿಸುವುದನ್ನು ನನ್ನಿಂದ ಕಲಿತಳಂತೆ. ಅವತ್ತು ಹಳೆ ಅಭ್ಯಾಸ ಕೈಕೊಟ್ಟಿತು, ಕಿಟಕಿ ಕಡೆ ನೋಡಿಬಿಟ್ಟಳು. ನನ್ನ ತಲೆಯಿಂದ ಉದುರಿದ್ದಕ್ಕೆ ಪುಟಗಟ್ಟಲೆ ಲೆಕ್ಕವಿತ್ತು. ಅವಳು ಕಳೆದುಕೊಂಡದ್ದು ಮೂರು ತಿಂಗಳು ಒಂದು ಸಾಲೂ ಆಗಿರಲಿಲ್ಲ.

ಮದುವೆ ಮನೆಗೆ ಬೇರೆ ಕಡೆಯಿಂದ ಪುಡಿ ಹೋಯಿತು. ಅಮ್ಮ ಬಾಣಲೆಯನ್ನು ತಿಕ್ಕಿ, ಬೋರಲು ಹಾಕಿ ಅಟ್ಟಕ್ಕೆ ಏರಿಸಿದಳು. ಕೇಳಿ ಬಂದವರಿಗೆ "ಮೊಣಕಾಲು ನೋವು, ನಿಲ್ಲಾಕಾಗಲ್ಲ" ಎಂದು ಹೇಳಿ ಕಳಿಸತೊಡಗಿದಳು. ಮೂಗು ಹೋಯಿತು ಎಂದು ಹೇಳುವುದು ಅವಳಿಂದಾಗಲಿಲ್ಲ.

ದಾವಣಗೆರೆಯ ಮೂಗಿನ ಡಾಕ್ಟರು ಭರವಸೆ ಕೊಡಲಿಲ್ಲ, ಇದ್ದದ್ದನ್ನು ಕಿತ್ತುಕೊಳ್ಳಲೂ ಇಲ್ಲ. ಘಾಟಾಗಿರುವ ನಾಲ್ಕು ವಾಸನೆಗಳನ್ನು ಆರಿಸಿಕೊಳ್ಳಿ, ಬೆಳಿಗ್ಗೆ ಸಂಜೆ ನಿಧಾನವಾಗಿ ಮೂಸಿ, ಕೆಲವರಿಗೆ ತಿಂಗಳುಗಳ ಮೇಲೆ ಬರುತ್ತೆ, ಬರದೆಯೂ ಇರಬಹುದು ಎಂದರು. ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ ಮನೆಯಲ್ಲೇ ಇದ್ದವು. ನಾಲ್ಕನೆಯದಕ್ಕೆ ಹೊನ್ನಾಳಿಗೆ ಹೋಗಿ ಎರಡನೆಯ ರೋಸ್‌ಮೇರಿ ತಂದೆ. ನರ್ಸರಿಯವನು ಏನೂ ಕೇಳಲಿಲ್ಲ. ಗಿಡ ಕೊಡುವಾಗ "ಪ್ರೀತಿ ಕಮ್ಮಿ ಮಾಡ್ರಿ" ಎಂದ, ಅಷ್ಟೇ.

ದಿನಚರಿಯಲ್ಲಿ ಹೊಸ ಪಟ್ಟಿ ಹಾಕಿದೆ. ನಾಲ್ಕು ಸಾಲು, ಎರಡು ಹೊತ್ತು. ಏನೂ ಇಲ್ಲದಿದ್ದರೆ ಸೊನ್ನೆ, ಏನೋ ಇದ್ದಂತಿದ್ದರೆ ಒಂದು, ಚೆನ್ನಾಗಿ ಬಂದರೆ ಎರಡು. ಅಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುವಳು. ನಾನು ಎದುರಿಗೆ ಪೆನ್ನು ಹಿಡಿದು ಕೂರುವೆ. ಮೊದಲ ಹತ್ತು ದಿನ ಎಂಬತ್ತು ಸೊನ್ನೆ. ಹನ್ನೊಂದನೆಯ ದಿನ ಲವಂಗಕ್ಕೆ ಒಂದು. ಮೂರನೆಯ ವಾರ ನಿಂಬೆಗೆ ಒಂದು. ಒಂದೂವರೆ ತಿಂಗಳಿಗೆ ಎರಡುಗಳು ಬರತೊಡಗಿದವು. ನಕ್ಷೆ ಬರೆದೆ. ಗೆರೆ ಮೆಟ್ಟಿಲಿನಂತೆ ಮೇಲೇರುತ್ತಿತ್ತು. ಅಷ್ಟು ಚೆಂದದ ನಕ್ಷೆ ನನ್ನ ಜೀವನದಲ್ಲಿ ಅದೊಂದೇ.

ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರು ಒಂದು ಮಾತು ಹೇಳುತ್ತಿದ್ದರು: ಲೆಕ್ಕ ತೀರಾ ನೀಟಾಗಿ ಬಂದರೆ ಯಂತ್ರ ಕೆಟ್ಟಿದೆಯಾ ನೋಡು. ನಾನು ಬೇರೆಯವರ ರಕ್ತಕ್ಕೆ ಮಾತ್ರ ಅದನ್ನು ಪಾಲಿಸಿದವಳು.

ಅಷ್ಟರಲ್ಲಿ ಎರಡನೆಯ ಗಿಡವೂ ಬಾಡುತ್ತಿತ್ತು. ಹೌದು, ಮತ್ತೆ ಅದೇ. "ಸ್ವಲ್ಪೇ ಹಾಕ್ತೀನಿ, ತಳದಲ್ಲಿ ಉಳಿದಿದ್ದು" ಎನ್ನುತ್ತಿದ್ದಳು ಅಮ್ಮ. ಒಂದು ಭಾನುವಾರ ಬೆಳಿಗ್ಗೆ ಅದರ ಕಪ್ಪಿಟ್ಟ ಕಡ್ಡಿಯೊಂದನ್ನು ಮುರಿದು, ಉಜ್ಜಿ, ಅಭ್ಯಾಸದಂತೆ ಮೊದಲು ನಾನು ಮೂಸಿದೆ. ಕೊಳೆತ ಹುಲ್ಲು, ಅದೂ ಎಲ್ಲೋ ದೂರದಲ್ಲಿ. ರೋಸ್‌ಮೇರಿಯ ಸುಳಿವೂ ಇರಲಿಲ್ಲ. ಇನ್ನೊಂದು ಕಡ್ಡಿ ಹುಡುಕೋಣ ಎನ್ನುವಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದು ಮೂಗಿಗೆ ತಂದುಕೊಂಡಳು, ಕಣ್ಣು ಮುಚ್ಚಿದಳು.

"ಹೂಂ. ಎರಡು ಬರಕೋ."

"ಹೆಂಗೈತೆ ಅಮ್ಮಾ ವಾಸನೆ?"

ಅದುವರೆಗೆ ನಾನು ಆ ಪ್ರಶ್ನೆ ಕೇಳಿರಲೇ ಇಲ್ಲ. ನನಗೆ ಅಂಕಿ ಸಾಕಿತ್ತು. ಅಮ್ಮ ಒಂದು ಗಳಿಗೆ ತಡೆದು ಹೇಳಿದಳು: "ತಣ್ಣಗೆ, ಸಿಹಿಸಿಹಿ. ಮಲ್ಲಿಗೆ ಹೂವಿನಂಗೆ."

ಲವಂಗ ಹೇಗಿರುತ್ತದೆಂದು ಅಮ್ಮನಿಗೆ ಗೊತ್ತು. ನಿಂಬೆಯೂ ಗೊತ್ತು. ನೆನಪಿನಿಂದಲೇ ಉತ್ತರ ಕೊಡಬಹುದು. ಆದರೆ ರೋಸ್‌ಮೇರಿ ನಮ್ಮ ಮನೆಗೆ ಬಂದದ್ದು ಅವಳ ಮೂಗು ಹೋದ ಮೇಲೆ. ಅದರ ವಾಸನೆ ಅವಳಿಗೆ ನೆನಪಿನಲ್ಲೂ ಇರಲಿಲ್ಲ. ನಾನು ಪೆನ್ನು ಕೆಳಗಿಟ್ಟೆ.

"ಎಷ್ಟು ದಿನದಿಂದ ಅಮ್ಮಾ?"

"ಹನ್ನೊಂದನೇ ದಿನದಿಂದ."

"ಯಾಕೆ?"

"ಸೊನ್ನೆ ಬರಿಯುವಾಗ ನಿನ್ನ ಮುಖ ನೋಡಾಕಾಗಲ್ಲ ಗಿರಿಜಾ. ನೀನು ಅದನ್ನ ಎಷ್ಟು ದುಂಡಗೆ ಬರೀತೀಯ."

ಅಪ್ಪ ಪತ್ರಿಕೆಯ ಹಿಂದಿನಿಂದ, "ಎಂಬತ್ತು ಸೊನ್ನೆ ಬರೆಸ್ಕೊಂಡ ಮ್ಯಾಲೆ ಯಾರಾದ್ರೂ ಪಾಸಾಗಾಕೆ ನೋಡ್ತಾರೆ ಬಿಡು" ಎಂದರು. ಯಾರೂ ನಗಲಿಲ್ಲ. ಅವರೂ ನಗಿಸಲೆಂದು ಹೇಳಿದಂತಿರಲಿಲ್ಲ.

ಅಮ್ಮನೇ ಒಂದು ಷರತ್ತು ಹಾಕಿದಳು. ಮೂಸುವುದನ್ನು ಬಿಡುವುದಿಲ್ಲ. ಆದರೆ ಪುಸ್ತಕ ಬೇಡ, ಎದುರಿಗೆ ಕೂರುವುದು ಬೇಡ, ಕೇಳುವುದು ಬೇಡ. "ಬಂದರೆ ನಾನೇ ಹೇಳ್ತೀನಿ. ಬರದಿದ್ರೆ ಅದೂ ನಿನಗೆ ಗೊತ್ತಾಗ್ತೈತೆ." ನಾನು ಒಪ್ಪಿದೆ. ಪಟ್ಟಿಯ ಮೇಲೆ ಅಡ್ಡಗೆರೆ ಎಳೆದೆ. ಕೈ ಎಷ್ಟು ಬಾರಿ ಪೆನ್ನಿನ ಕಡೆಗೆ ಹೋಯಿತೆಂದು ಎಣಿಸಲಿಲ್ಲ, ಆದ್ದರಿಂದ ಹೇಳಲಾರೆ.

ಮೂರನೆಯ ಗಿಡ ಜಗಳೂರಿನದು. ಅಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಅಂಗನವಾಡಿಯಲ್ಲಿ ಟೀಚರು. ಯಾರೋ ಊಟಿ ಪ್ರವಾಸದಿಂದ ತಂದುಕೊಟ್ಟ ರೋಸ್‌ಮೇರಿ ಅವಳ ಕಾಂಪೌಂಡ್ ಗೋಡೆಯ ಮೇಲೆ, ಬಾಯಿ ಒಡೆದ ಮಡಕೆಯಲ್ಲಿ, ಮೊಣಕಾಲೆತ್ತರ ಪೊದೆಯಾಗಿ ಬೆಳೆದು ತಿಳಿನೀಲಿ ಹೂವನ್ನೂ ಬಿಟ್ಟಿತ್ತು. ಮಡಕೆಯಲ್ಲಿ ಮಣ್ಣಿಗಿಂತ ಗರಸು ಹೆಚ್ಚು.

"ಏನು ಗೊಬ್ಬರ ಹಾಕ್ತೀ ಚಿಕ್ಕಮ್ಮ?"

"ಗೊಬ್ಬರಾನಾ? ಮರೆತು ಬಿಡ್ತೀನವ್ವಾ. ನಮಗೇ ನೀರು ಬರೋದು ಬಂದಾಗ. ಬಟ್ಟೆ ಒಣಗಾಕಾಕೋ ದಿನ ನೆನಪಾದ್ರೆ ಒಂದು ಲೋಟ."

"ನಮ್ಮನೇಲಿ ಅಮ್ಮ ಪೂಜೆ ನೀರು ಹಾಕಿ ಎರಡು ಕೊಂದಳು."

ಚಿಕ್ಕಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಅಕ್ಕನ ಕೈಯೇ ಹಂಗೆ. ಚಿಕ್ಕವಳಿದ್ದಾಗ ನನಗೂ ಹಂಗೇ ಊಟ ಹಾಕ್ತಿದ್ಲು, ಸಾಕು ಅಂದ್ರೂ ಬಿಡ್ತಿರಲಿಲ್ಲ. ನಾನು ಹೆಂಗೋ ಬದುಕ್ಕೊಂಡೆ." ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಮೂಗು?"

"ಗೊತ್ತಿಲ್ಲ. ಕೇಳಬಾರದು ಅಂತ ಆಗೈತೆ."

"ಕೇಳಬ್ಯಾಡ. ಈ ಗಿಡ ನೋಡು, ಬೇರು ಬಿಟ್ಟೈತೋ ಇಲ್ಲೋ ಅಂತ ದಿನಾ ಕಿತ್ತು ನೋಡಿದ್ರೆ ಬಿಡ್ತಿತ್ತಾ?"

ಐದು ಕಡ್ಡಿ ಮುರಿದು, ಕೆಳಗಿನ ಎಲೆ ತರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ದಾವಣಗೆರೆ ಬರುವವರೆಗೂ ಸೆರಗನ್ನು ಮೂಗಿಗೆ ಹಿಡಿದಿದ್ದಳು. ನನಗೆ ಸಿಟ್ಟು ಬರಲಿಲ್ಲ, ಅವಳ ಮೂಗಿನ ಮೇಲೆ ಹೊಟ್ಟೆಕಿಚ್ಚು ಬಂತು. ಮರಳು ಬೆರೆಸಿದ ಮಣ್ಣಿನಲ್ಲಿ ಐದನ್ನೂ ನೆಟ್ಟು ಮಹಡಿಯ ಮೇಲೆ, ಅಮ್ಮನ ಚೆಂಬಿನ ದಾರಿಯಿಂದ ಹದಿನಾಲ್ಕು ಮೆಟ್ಟಿಲು ದೂರ ಇಟ್ಟೆ. ಪೂಜೆಯ ನೀರಿಗೆಂದು ಕೆಳಗೆ ಒಂದು ನಿಂಬೆ ಗಿಡ ತಂದೆ. ಅದು ಎಷ್ಟು ಹಾಕಿದರೂ ಕುಡಿಯಿತು. ಅಮ್ಮ "ನೋಡು, ಇದು ಗಿಡ" ಎಂದಳು. ಮೇಲಿನ ಐದರಲ್ಲಿ ಮೂರು ಒಣಗಿದವು, ಎರಡು ಚಿಗುರಿದವು.

ಚಿಗುರು ಹೆಚ್ಚಾದ ಮೇಲೆ ಅಡುಗೆಗೂ ಹಾಕಿ ನೋಡಿದೆ. ಆಲೂಗಡ್ಡೆ ಪಲ್ಯಕ್ಕೆ ಪರವಾಗಿಲ್ಲ. ಕರಿಬೇವು ಮುಗಿದಿದ್ದ ಒಂದು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಗೆ ಹಾಕಿದ್ದು ಮಾತ್ರ ತಪ್ಪಾಯಿತು. ಅಪ್ಪ ಒಂದೊಂದೇ ಎಲೆಯನ್ನು ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, "ಸರ್ವೆ ಮರ ಹತ್ತಿದ್ದೇನವ್ವಾ ಬೆಳಿಗ್ಗೆ?" ಎಂದರು. ಅಮ್ಮ ಸುಮ್ಮನೆ ತಿಂದಳು. ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದಾಗಿದೆ ಎನ್ನಲಿಲ್ಲ. ಸುಳ್ಳು ಹೇಳುವುದನ್ನು ನಿಲ್ಲಿಸಿದ್ದಳು. ನಾನು ಅಪ್ಪ ಬಿಟ್ಟ ಎಲೆಗಳನ್ನು ಎಣಿಸದೆ ಎದ್ದೆ.

ತಲೆಗೆ ಹಚ್ಚುವ ನೀರಿನ ಕಥೆ ಕೇಳುತ್ತೀರಾ? ಕೂದಲು ಉದುರುವುದು ನಿಂತಿತು. ರೋಸ್‌ಮೇರಿಯಿಂದ ನಿಂತಿತೋ, ಜ್ವರದ ಮೇಲಿನ ಉದುರು ತಾನಾಗಿ ನಿಲ್ಲುವ ಹೊತ್ತಿಗೆ ನಿಂತಿತೋ, ಪಟ್ಟಿಯಿಂದ ಗೊತ್ತಾಗುವುದಿಲ್ಲ. ಎಣಿಸಲೆಂದೇ ಬಾಚಿ ಬಾಚಿ ಕಿತ್ತುಕೊಂಡವು ಎಷ್ಟೋ ಅದಕ್ಕೂ ಲೆಕ್ಕವಿಲ್ಲ.

ಜ್ವರ ಬಂದು ವರ್ಷ ತುಂಬಲು ಕೆಲವೇ ದಿನವಿದ್ದವು. ಭಾನುವಾರ ಸಂಜೆ ಮಹಡಿಗೆ ಹೋಗಿ ಗಿಡದ ತುದಿ ಚಿವುಟಿ ಕೆಳಗೆ ಬಂದೆ. ಜಡೆ ಬಿಚ್ಚಿತ್ತು. ಅಮ್ಮ ಹೊಸ್ತಿಲ ಮೇಲೆ ಕೂತಿದ್ದವಳು, "ಬಾ, ಜಡೆ ಹಾಕ್ತೀನಿ" ಎಂದಳು. ಅವಳ ಮೊಣಕಾಲಿನ ನಡುವೆ ಕೂತೆ. ಅಪ್ಪ ಹೊರಗೆ ಹೋಗಿದ್ದರು. ಬಾಚಣಿಗೆ ಮೇಲಿಂದ ಕೆಳಕ್ಕೆ ಇಳಿಯಿತು, ಮತ್ತೆ ಇಳಿಯಿತು. ಮೂರು ಕಾಲು ಮಾಡಿ ಹೆಣೆಯತೊಡಗಿದ ಅಮ್ಮನ ಕೈ ಅರ್ಧದಲ್ಲಿ ನಿಂತಿತು.

"ತಲೆಗೆ ಕರ್ಪೂರ ಏನಾದ್ರೂ ಹಚ್ಚಿಕೊಂಡ್ಯಾ?"

ನಾನು ತಿರುಗಲಿಲ್ಲ. ತಿರುಗಿದರೆ ನನ್ನ ಮುಖ ನೋಡಿ ಉತ್ತರ ಬದಲಿಸುತ್ತಾಳೆ ಎಂದು ಭಯವಾಯಿತು. ಕರ್ಪೂರ ಹಚ್ಚಿರಲಿಲ್ಲ. ಮಹಡಿಯಿಂದ ಇಳಿಯುವಾಗ ಮುಂಗುರುಳನ್ನು ಕಿವಿಯ ಹಿಂದಕ್ಕೆ ಸರಿಸಿದ್ದೆ, ರೋಸ್‌ಮೇರಿ ಚಿವುಟಿದ ಬೆರಳಿನಿಂದ. ಉಜ್ಜಿದ ರೋಸ್‌ಮೇರಿಯಲ್ಲಿ ಎಲ್ಲಕ್ಕಿಂತ ಮೊದಲು ಮೂಗಿಗೆ ಹತ್ತುವುದು ಅದೇ, ಆರತಿ ತಟ್ಟೆಯ ಕರ್ಪೂರದಂಥ ಘಾಟು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

"ಇಲ್ಲಮ್ಮಾ. ಯಾಕೆ?"

ಅಮ್ಮ ನನ್ನ ಕಿವಿಯ ಹಿಂದೆ ಬಗ್ಗಿದಳು. ಅವಳ ಉಸಿರು ಕತ್ತಿಗೆ ತಾಗಿತು. ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ, ಮತ್ತೊಮ್ಮೆ ಒಳಕ್ಕೆ.

"ಹಚ್ಚೀಯ. ಸುಳ್ಳು ಹೇಳಬ್ಯಾಡ" ಎಂದಳು.

ಜಡೆ ಅರ್ಧಕ್ಕೇ ಬಿಟ್ಟು ಎದ್ದಳು. ಅಟ್ಟದಿಂದ ಬಾಣಲೆ ಇಳಿಯುವ ಸದ್ದು ಕೇಳಿತು. ಒಳಗೆ ಹೋದೆ. ಒಂದು ಹಿಡಿ ಕೊತ್ತಂಬರಿ ಕಾಳು ಹಾಕಿ ಒಲೆ ಸಣ್ಣಗೆ ಮಾಡಿದ್ದಳು. "ಅಲ್ಲೇ ನಿಂತ್ಕೋ. ನೀನೇನೂ ಹೇಳಬ್ಯಾಡ" ಎಂದಳು. ನಾನು ಬಾಗಿಲಿಗೆ ಒರಗಿ ನಿಂತೆ. ಅವಳ ಕೈ ತಿರುವತೊಡಗಿತು. ಸ್ವಲ್ಪ ಹೊತ್ತು ಕಣ್ಣು ಬಾಣಲೆಯ ಮೇಲೇ ಇತ್ತು. ಆಮೇಲೆ ನಿಧಾನಕ್ಕೆ, ಹೆದರಿದವಳಂತೆ, ಕಿಟಕಿಯ ಕಡೆ ತಿರುಗಿತು.

ಕಾಳು ಚಟಗುಟ್ಟಿತು. ನನ್ನ ಮೂಗಿಗೆ ಹಸಿ ವಾಸನೆ ಹೋಗಿ ಘಮ ಏಳುತ್ತಿತ್ತು. ಇನ್ನೂ ಹೊತ್ತಿದೆ ಎಂದು ಗೊತ್ತಿತ್ತು, ತುಟಿ ಕಚ್ಚಿ ಹಿಡಿದೆ. ಅಷ್ಟರಲ್ಲಿ ಅಮ್ಮ ಬಾಣಲೆ ಇಳಿಸಿಬಿಟ್ಟಳು. ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಊದಿ, ಬಾಯಿಗೆಸೆದು ಜಗಿದಳು.

"ಹಸಿ ಉಳೀತಾ?"

"ಸ್ವಲ್ಪ."

"ಇರಲಿ" ಎಂದಳು ಅಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಸೀದಿಲ್ಲವಲ್ಲ."

ಆ ದಿನದ ಪುಟದಲ್ಲಿ ನಾನು ತಾರೀಖು ಬಿಟ್ಟು ಏನೂ ಬರೆದಿಲ್ಲ. ಜಡೆ ಅರ್ಧವೇ ಇತ್ತು, ಮುಷ್ಟಿಯಲ್ಲಿ ಮಹಡಿಯಿಂದ ತಂದ ತುದಿ ಹಾಗೇ ಇತ್ತು. ಅದನ್ನು ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿ, ಜಡೆ ಹಾಕಿಸಿಕೊಳ್ಳಲು ಮತ್ತೆ ಹೊಸ್ತಿಲಿಗೆ ಹೋಗಿ ಕೂತೆ.